ಕಾರಣ ಬರೆಯದ ಒಂದು ನಿಯಮ

೧೪ ನವೆಂಬರ್ ೧೯೯೯, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ವಡೋದರಾ.

ಇದನ್ನು ನಾಲ್ಕನೆಯ ಸಲ ಶುರು ಮಾಡುತ್ತಿದ್ದೇನೆ. ಹಿಂದಿನ ಮೂರು ಸಲವೂ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಎದ್ದು ಬಾಲ್ಕನಿಗೆ ಹೋಗಿಬಿಟ್ಟೆ. ಕೂತು ಬರೆಯಲು ಆಗುತ್ತಿಲ್ಲ. ಯಾರ ಬಗ್ಗೆ ಬರೆಯಬೇಕೋ ಅವರೂ ಕೂತದ್ದನ್ನು ನಾನು ಹೆಚ್ಚು ನೋಡಿಲ್ಲ.

ಅವರು ನಮ್ಮ ಮಹಡಿಯ ಮೇಲಿನ ಮನೆಯಲ್ಲಿದ್ದರು. ಹೋದ ತಿಂಗಳು ಅಹಮದಾಬಾದಿನ ಹತ್ತಿರದ ಚಾಂದ್‌ಖೇಡಾದಲ್ಲಿ, ಮಗಳ ಕ್ವಾರ್ಟರ್ಸಿನಲ್ಲಿ ತೀರಿಕೊಂಡರು. ಊರು ಗದಗಿನ ಕಡೆ. ಇಲ್ಲೇ ಮಕರಪುರದ ಒಂದು ವಿದ್ಯುತ್ ಉಪಕರಣ ಕಾರ್ಖಾನೆಯಲ್ಲಿ ಸೂಚನೆ ಪತ್ರಗಳನ್ನು ಬರೆಯುವ ಕೆಲಸ ಮಾಡುತ್ತಿದ್ದರು. ಯಂತ್ರವನ್ನು ಹೇಗೆ ಶುರು ಮಾಡಬೇಕು, ಯಾವ ಬಾಗಿಲು ಯಾವಾಗ ತೆರೆಯಬಾರದು, ಇಂಥವು. ನಮ್ಮ ಕಟ್ಟಡದ ಗುಜರಾತಿ ಮಕ್ಕಳು ಅವರನ್ನು ‘ಕೇಮ್ ಕಾಕಾ’ ಎಂದು ಕರೆಯುತ್ತಿದ್ದರು. ಕೇಮ್ ಅಂದರೆ ಯಾಕೆ. ಯಾರು ಏನು ಹೇಳಿದರೂ ಅವರ ಬಾಯಿಂದ ಮೊದಲು ಬರುತ್ತಿದ್ದದ್ದು ಅದೇ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಜೀವನ ಚರಿತ್ರೆಯೂ ಇದಲ್ಲ. ಅವರು ಬರೆದ ಒಂದು ನಿಯಮ ಡಿಸೆಂಬರ್ ಕೊನೆಗೆ ಅಳಿಸಿಹೋಗಲಿದೆ. ಅದನ್ನು ಉಳಿಸಬೇಕೋ ಬೇಡವೋ ಎಂಬುದು ನನಗೆ ಗೊತ್ತಾಗಬೇಕು. ಗೊತ್ತಿರುವ ಯಾರಾದರೂ ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆಯನ್ನು ಓದುತ್ತಿರಬಹುದು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಮೊದಲು ಆ ನಿಯಮ ಎಲ್ಲಿಯದು ಎಂದು ಹೇಳಿಬಿಡುತ್ತೇನೆ. ಕಂಪ್ಯೂಟರಿನಿಂದ ಮುದ್ರಣ ಯಂತ್ರಗಳನ್ನು ನಡೆಸುವ ಒಂದು ಸಾಫ್ಟ್‌ವೇರ್ ಇದೆ. ಅದು ಯಾವ ಕಂಪನಿಯದೂ ಅಲ್ಲ. ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಕೂತ ನೂರಾರು ಜನ ಸಂಬಳವಿಲ್ಲದೆ ಬರೆಯುತ್ತಾರೆ. ಅದರ ಮೂಲ ಬರಹ ಎಲ್ಲರಿಗೂ ತೆರೆದಿದೆ. ಓದಬಹುದು, ದೋಷ ಕಂಡರೆ ಸರಿಪಡಿಸಿ ಮಿಂಚಂಚೆಯಲ್ಲಿ ತಿದ್ದುಪಡಿ ಕಳಿಸಬಹುದು. ಅದನ್ನು ಪರೀಕ್ಷಿಸಿ ಮೂಲ ಪ್ರತಿಗೆ ಸೇರಿಸುವ ಅಧಿಕಾರ ಮಾತ್ರ ಕೆಲವೇ ಜನರದು. ಅವರನ್ನು ನಾವು ಮೇಲ್ವಿಚಾರಕರು ಅನ್ನುತ್ತೇವೆ.

ನನ್ನ ಅಪ್ಪ ರೈಲ್ವೆ ಲೆಕ್ಕಪತ್ರದವರು, ಮೈಸೂರು ಕಡೆಯವರು. ಈ ಏರ್ಪಾಡನ್ನು ಕೇಳಿ ಅವರು ಹೇಳಿದ್ದು: “ಸಂಬಳ ಇಲ್ವಂತೆ, ರಜಾ ಇಲ್ವಂತೆ, ಬೈಸ್ಕೊಳೋದು ಮಾತ್ರ ಇದ್ಯಂತೆ. ಇದ್ಯಾವ ಸೀಮೆ ನೌಕರಿಯಮ್ಮ?”

ಬೈಸಿಕೊಳ್ಳುವುದು ನಿಜವಾಗಿಯೂ ಇತ್ತು. ೧೯೯೬ರಲ್ಲಿ ಮೇಲಿನ ಮನೆಯವರು ತಮ್ಮ ಮೊದಲ ತಿದ್ದುಪಡಿ ಕಳಿಸಿದಾಗ ಒಬ್ಬ ಮೇಲ್ವಿಚಾರಕ ಒಂದೇ ಸಾಲು ಬರೆದನಂತೆ: ‘ಹೀಗೆ ಕಳಿಸಬಾರದು.’ ಇವರು ‘ಯಾಕೆ? ಎಲ್ಲಿ ಬರೆದಿದೆ?’ ಎಂದು ಕೇಳಿದರು. ‘ಎಲ್ಲರಿಗೂ ಗೊತ್ತಿರುವ ವಿಷಯ’ ಎಂದು ಉತ್ತರ ಬಂತು.

“ನೋಡು ತಂಗಿ,” ಅಂದಿದ್ದರು ನನಗೆ, “ಎಲ್ಲಾರಿಗೂ ಗೊತ್ತೈತಿ ಅಂದ್ರ ಎಲ್ಲೂ ಬರದಿಲ್ಲ ಅಂತ ಅರ್ಥ.”

ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಇವರು ಆ ಬಳಗದ ಹಳೆಯ ಪತ್ರಗಳನ್ನೆಲ್ಲ ತರಿಸಿಕೊಂಡು ಓದತೊಡಗಿದರು. ಬೆಳಗಿನ ಐದಕ್ಕೆ ಎದ್ದು ಮೋಡೆಮ್ಮಿನಿಂದ ಅಹಮದಾಬಾದಿಗೆ ಫೋನು ಹಚ್ಚಿ, ಪತ್ರಗಳು ಇಳಿದ ಕೂಡಲೇ ಲೈನು ಕಡಿದು, ಅಚ್ಚು ಹಾಕಿದ ಹಾಳೆಗಳನ್ನು ಹಿಡಿದು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಾ ಓದುತ್ತಿದ್ದರು. ಅವರ ಚಪ್ಪಲಿಯ ಸದ್ದು ನಮ್ಮ ಸೂರಿನ ಮೇಲೆ. ನಾನು ಕಾಲೇಜಿನಲ್ಲಿದ್ದ ಕಾಲದ ಡೈರಿಯಲ್ಲಿ ‘ಮೇಲಿನವರು ಶುರು’ ಎಂಬ ಟಿಪ್ಪಣಿ ತಿಂಗಳಿಗೆ ಇಪ್ಪತ್ತು ಸಲವಾದರೂ ಇದೆ. ಅಲಾರಂ ಇಡುವುದನ್ನೇ ನಾನು ಬಿಟ್ಟಿದ್ದೆ.

ಹೀಗೆ ಹುಟ್ಟಿದ್ದು ಆ ಕೈಪಿಡಿ: ಈ ಸಾಫ್ಟ್‌ವೇರಿಗೆ ತಿದ್ದುಪಡಿ ಕಳಿಸುವವರು ಪಾಲಿಸಬೇಕಾದ ಕ್ರಮಗಳು. ಹಳೆಯ ಜಗಳಗಳನ್ನೆಲ್ಲ ಓದಿ, ಪ್ರತಿ ಜಗಳದ ತಳದಲ್ಲಿದ್ದ ನಿಯಮವನ್ನು ಹೆಕ್ಕಿ ಬರೆದರು. ಪ್ರತಿ ನಿಯಮದ ಕೆಳಗೆ, ಅದು ಯಾಕೆ ಬಂತು, ಯಾರಿಗೆ ಏನಾಗಿತ್ತು ಎಂದು ಎರಡು ಸಾಲು. ಉದಾಹರಣೆಗೆ, ‘ಸಾಲುಗಳ ಅಂಚು ನೇರ್ಪಡಿಸುವ ಕೆಲಸವನ್ನೂ ದೋಷ ಸರಿಪಡಿಸುವ ಕೆಲಸವನ್ನೂ ಒಂದೇ ತಿದ್ದುಪಡಿಯಲ್ಲಿ ಕಳಿಸಬೇಡಿ.’ ಕೆಳಗೆ: ಒಬ್ಬರು ಹಾಗೆ ಕಳಿಸಿದಾಗ ಇಡೀ ಕಡತವೇ ಬದಲಾದಂತೆ ಕಂಡು, ನಡುವೆ ಅಡಗಿದ್ದ ಒಂದು ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ, ಎಷ್ಟೋ ಮುದ್ರಣ ಯಂತ್ರಗಳು ಖಾಲಿ ಹಾಳೆ ಉಗುಳಿದವು. ಆ ‘ಒಬ್ಬರಿಗೆ’ ಇವರು ಖುದ್ದಾಗಿ ಪತ್ರ ಬರೆದು, ನಿಮಗಾದದ್ದನ್ನು ಹೀಗೆ ಬರೆಯಲೇ ಎಂದು ಕೇಳಿದ್ದರು. ಎಲ್ಲರಿಗೂ ಹಾಗೆ ಕೇಳಿಯೇ ಬರೆದರು. ಕೈಪಿಡಿಯ ಮೊದಲ ಪುಟದಲ್ಲೇ ಇದೆ: ಘಟನೆ ಯಾರದೋ ಅವರ ಒಪ್ಪಿಗೆಯಿಲ್ಲದೆ ಕಾರಣ ಬರೆಯತಕ್ಕದ್ದಲ್ಲ, ಕಾರಣವಿಲ್ಲದ ನಿಯಮ ಉಳಿಯತಕ್ಕದ್ದಲ್ಲ.

“ನಿಯಮ ಒಂದ ಸಾಲು, ಕಾರಣ ಎರಡ ಸಾಲು. ಮೂರನೇ ಸಾಲು ಬಂದ್ರ ಅದು ಭಾಷಣ” ಅನ್ನುತ್ತಿದ್ದರು.

ಈ ಅಭ್ಯಾಸ ಕಾರ್ಖಾನೆಯಿಂದ ಬಂದದ್ದು. ಅಲ್ಲಿ ಪರೀಕ್ಷಾ ಕೋಣೆಗೆ ಒಂದು ನಿಯಮವಿತ್ತು: ಒಳಗೆ ಹೋಗುವವನು ಬಾಗಿಲ ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಯಾರಿಗೆ ಏನಾದದ್ದರಿಂದ ಈ ನಿಯಮ ಎಂದು ಇವರು ಕೆಳಗೆ ಬರೆದಿದ್ದರು. ಹೊಸದಾಗಿ ಬಂದ ಅಧಿಕಾರಿಯೊಬ್ಬರು ಸೂಚನೆ ಪತ್ರಗಳನ್ನೆಲ್ಲ ಚೊಕ್ಕ ಮಾಡಿಸಿ, ಕಥೆಗಳನ್ನು ತೆಗೆಸಿ, ಹೊಳೆಯುವ ಕಾಗದದ ಮೇಲೆ ಬರೀ ನಿಯಮಗಳನ್ನು ಅಚ್ಚು ಹಾಕಿಸಿದರು. ಕೆಲ ತಿಂಗಳಲ್ಲಿ ಕೀಲಿ ಗೋಡೆಯ ಮೊಳೆಗೆ ಹೋಯಿತು. ಒಬ್ಬ ಒಳಗಿದ್ದಾಗ ಇನ್ನೊಬ್ಬ ಬೀಗ ಹಾಕಿ ವಿದ್ಯುತ್ ಹರಿಸಿದ. ಒಳಗಿದ್ದವನು ಬದುಕಿದ, ಬಲಗೈಯ ಎರಡು ಬೆರಳು ಹೋದವು. ಇವರು ಅದರ ಮರುವರ್ಷವೇ ಸ್ವಯಂ ನಿವೃತ್ತಿ ತೆಗೆದುಕೊಂಡರು.

“ಕಾರಣ ಇಲ್ಲದ ನಿಯಮ ಹಲ್ಲಿಲ್ಲದ ಹಣಿಗಿ ಇದ್ದಂಗ. ಕೈಯಾಗ ಹಿಡೀಬೌದು, ತಲಿ ಬಾಚಾಕ ಬರೂದಿಲ್ಲ.”

ನಮ್ಮ ಕಟ್ಟಡದ ಮೇಲೂ ಇದನ್ನು ಪ್ರಯೋಗಿಸಿದರು. ಸೊಸೈಟಿಯ ಕಾರ್ಯದರ್ಶಿ ಮೆಟ್ಟಿಲ ಬಳಿ ಒಂದು ಹಲಗೆ ತೂಗುಹಾಕಿದ್ದರು: ತಾರಸಿಯ ಮೇಲೆ ಮೆಣಸಿನಕಾಯಿ ಒಣಹಾಕಬಾರದು, ಮೆಟ್ಟಿಲ ಕೆಳಗೆ ಸೈಕಲ್ ನಿಲ್ಲಿಸಬಾರದು. ಇವರು ಹಲಗೆಯ ಮುಂದೆ ನಿಂತು, “ಕೇಮ್?” ಎಂದರು.

“ಅರೆ ಭಾಯ್, ನಿಯಮ್ ಎಟಲೆ ನಿಯಮ್!” ನಿಯಮ ಅಂದರೆ ನಿಯಮ, ಅಷ್ಟೇ ಎಂದು ಕಾರ್ಯದರ್ಶಿ ಕೈಬೀಸಿದರು.

ಇವರು ಮನೆಮನೆಗೆ ಹೋಗಿ ವಿಚಾರಿಸಿದರು. ಮೆಣಸಿನಕಾಯಿಯ ಕಾರಣ ಸಿಕ್ಕಿತು: ಮೊದಲ ಮಹಡಿಯ ಪುಟ್ಟ ಹುಡುಗಿ ಆಡುತ್ತಾ ಕೈ ಹಾಕಿ ಕಣ್ಣುಜ್ಜಿಕೊಂಡು ಆಸ್ಪತ್ರೆ ಸೇರಿದ್ದಳು. ಆ ತಾಯಿಯನ್ನು ಕೇಳಿ ಅದನ್ನು ಹಲಗೆಯ ಮೇಲೆ ಗುಜರಾತಿಯಲ್ಲಿ ಬರೆದರು. ಸೈಕಲ್ಲಿನ ಕಾರಣವೂ ಸಿಕ್ಕಿತು: ಹಿಂದಿನ ಕಾರ್ಯದರ್ಶಿಗೂ ಸೈಕಲ್ಲಿದ್ದ ಒಬ್ಬರಿಗೂ ಮಾತು ಬಿಟ್ಟಿತ್ತು. ಅದೊಂದೇ. ಇವರು ಜೇಬಿನಿಂದ ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದರು. ಅವತ್ತು ಸಂಜೆ ದೊಡ್ಡ ಗಲಾಟೆ. ಇವರ ಹೆಂಡತಿ ನಮ್ಮ ಅಮ್ಮನ ಹತ್ತಿರ ಬಂದು ತಲೆ ಚಚ್ಚಿಕೊಂಡರು: “ನಮ್ಮ ಮನ್ಯಾಗ ಉಪ್ಪಿನ ಡಬ್ಬಿ ಮ್ಯಾಲೂ ಚೀಟಿ ಅಂಟಿಸ್ಯಾರ್ರೀ. ‘ಒದ್ದಿ ಚಮಚ ಹಾಕಬ್ಯಾಡ್ರಿ.’ ಅದರ ಕೆಳಗ ನಾ ಯಾವತ್ತ ಹಾಕಿದ್ನೆಲ್ಲಾ ಅದೂ ಬರದಾರ!”

“ನಿಮ್ಮನ್ನ ಕೇಳಿ ಬರೆದ್ರಾ?” ಅಂದೆ ನಾನು.

“ಹೂಂನವಾ, ಕೇಳೇ ಬರದಾರ. ಅದಽ ತ್ರಾಸ.”

ಅವರ ಜೊತೆ ಬಾಳುವುದು ಸುಲಭವಿರಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಕಾಫಿಯನ್ನು ಅರ್ಧ ಕುಡಿದು ಲೋಟವನ್ನು ಎಲ್ಲೋ ಇಟ್ಟು ಮರೆಯುತ್ತಿದ್ದರು. ಮಾತಾಡುವವರ ಮುಖ ನೋಡದೆ ಕುರ್ಚಿಯ ಬೆನ್ನನ್ನು ಬೆರಳಿನಿಂದ ಬಡಿಯುತ್ತಿದ್ದರು. ಸ್ಟೇಷನ್ನಿಗೆ ಹೋದರೆ ರೈಲು ಬರುವವರೆಗೆ ಪ್ಲಾಟ್‌ಫಾರಂ ಉದ್ದಕ್ಕೂ ನಡೆಯುವುದು. ಮದುವೆ ಕರೆಯೋಲೆ ಕೊಡಲು ಬಂದವರಿಗೆ ಅದರಲ್ಲಿನ ದಾರಿಯ ವಿವರಣೆ ತಪ್ಪಿದೆ ಎಂದು ತೋರಿಸಿಕೊಟ್ಟದ್ದು ನನ್ನ ಕಣ್ಣೆದುರೇ.

೧೯೯೮ರಲ್ಲಿ ನಾನೂ ಮಕರಪುರದಲ್ಲೇ ಕೆಲಸಕ್ಕೆ ಸೇರಿ, ಅವರ ಸಹವಾಸದಿಂದ ಆ ಸಾಫ್ಟ್‌ವೇರಿಗೆ ಕೈಹಾಕಿದೆ. ಅವರು ಅಷ್ಟರಲ್ಲಿ ಮೇಲ್ವಿಚಾರಕರಲ್ಲಿ ಒಬ್ಬರಾಗಿದ್ದರು. ನನ್ನ ಮೊದಲ ತಿದ್ದುಪಡಿಯನ್ನು ಬಳಗಕ್ಕೆ ಕಳಿಸಿದೆ. ವಾಪಸು ಬಂತು, ಅವರಿಂದಲೇ. ಮೇಲಿನ ಮನೆಯವರು, ಮೆಟ್ಟಿಲಿಳಿದು ಬಂದು ಹೇಳಬಹುದಿತ್ತು. ಸಿಟ್ಟಿನಿಂದ ನಾನೇ ಹತ್ತಿ ಹೋದೆ.

“ನೀ ಎರಡ ಕೆಲಸ ಒಂದ ಗಂಟಿನ್ಯಾಗ ಕಟ್ಟೀದಿ. ಬಿಚ್ಚು. ಬ್ಯಾರೆ ಬ್ಯಾರೆ ಕಳಸು.”

“ನೀವೇ ಬಿಚ್ಚಿ ಸೇರಿಸಿಬಿಡಿ ಸರ್, ನಿಮಗೆ ಐದು ನಿಮಿಷದ ಕೆಲಸ.”

ಬೆರಳ ಬಡಿತ ನಿಂತಿತು. “ಅದೊಂದು ಹೇಳಬ್ಯಾಡ ತಂಗಿ,” ಅಂದರು. ಅವರ ದನಿ ಅಷ್ಟು ತಗ್ಗಿದ್ದು ಅದೊಂದೇ ಸಲ ನಾನು ಕೇಳಿದ್ದು.

ನಾಲ್ಕು ಸಲ ವಾಪಸು ಬಂತು. ಐದನೆಯ ಸಲ ಸೇರಿತು. ಅಪ್ಪ ಅವತ್ತು ಅಂಗಡಿಯಿಂದ ಗರಿಗರಿ ಫಾಫಡಾ ತಂದರು, ಯಾಕೆಂದು ಅವರಿಗೂ ಪೂರ್ತಿ ಅರ್ಥವಾಗದಿದ್ದರೂ.

ಈಗ ತೆಗೆಯಬೇಕೆಂದಿರುವುದು ಇದಕ್ಕೆ ಸಂಬಂಧಿಸಿದ ನಿಯಮವನ್ನೇ: ‘ಹೊಸಬರ ತಿದ್ದುಪಡಿಯಲ್ಲಿ ಕೊರತೆಯಿದ್ದರೆ ಮೇಲ್ವಿಚಾರಕರು ತಾವೇ ಸರಿಪಡಿಸಿ ಸೇರಿಸಬಾರದು. ಏನು ಕೊರತೆ ಎಂದು ತಿಳಿಸಿ, ಅವರ ಕೈಯಿಂದಲೇ ಮಾಡಿಸಬೇಕು.’ ಅವರು ಇದನ್ನು ಕೈಪಿಡಿಗೆ ಸೇರಿಸಿದ್ದು ೧೯೯೮ರ ಆರಂಭದಲ್ಲಿ, ನಾನು ಬರುವುದಕ್ಕೆ ಮೊದಲು. ಇಡೀ ಕೈಪಿಡಿಯಲ್ಲಿ ಕೆಳಗೆ ಕಾರಣ ಬರೆಯದೆ ಖಾಲಿ ಬಿಟ್ಟಿರುವುದು ಇದೊಂದಕ್ಕೇ. ಎರಡು ಸಾಲಿನ ಜಾಗ ಮಾತ್ರ ಇದೆ.

ಅವರು ತೀರಿಕೊಂಡ ಮೇಲೆ ಕೈಪಿಡಿಯನ್ನು ನೋಡಿಕೊಳ್ಳುವ ಕೆಲಸ ನನಗೆ ಬಂತು. ಅದೇ ವಾರ ಒಬ್ಬ ಮೇಲ್ವಿಚಾರಕ ಬರೆದ. ಅವನ ದೂರು ಸುಳ್ಳಲ್ಲ: ಈ ನಿಯಮದಿಂದ ಕೆಲಸ ನಿಧಾನವಾಗುತ್ತದೆ, ಒಂದು ಅಕ್ಷರದ ತಪ್ಪಿಗೂ ಪತ್ರ ಬರೆದು ಕಾಯಬೇಕು, ಅದೂ ಅಲ್ಲದೆ ಬರೆದವರ ಮಾತಿನಂತೆಯೇ, ಕಾರಣವಿಲ್ಲದ ನಿಯಮ ಉಳಿಯತಕ್ಕದ್ದಲ್ಲ. ವರ್ಷದ ಕೊನೆಗೆ ಬರುವ ಹೊಸ ಆವೃತ್ತಿಯೊಳಗೆ ಕಾರಣ ಸಿಕ್ಕದಿದ್ದರೆ ತೆಗೆದುಹಾಕೋಣ. ಬಳಗ ಒಪ್ಪಿತು. ನಾನೂ ಒಪ್ಪಬೇಕಾಯಿತು, ಸೈಕಲ್ಲಿನ ಸಾಲನ್ನು ಹೊಡೆದುಹಾಕಿದವರ ಪರವಾಗಿ ಬೇರೆ ಏನು ಹೇಳಲಿ?

ಬಳಗದ ಇನ್ನೊಬ್ಬರು ಸಮಾಧಾನಕ್ಕೆಂದು, ‘ನಿನ್ನದೇ ಕಥೆ ಬರೆದುಬಿಡು’ ಅಂದರು. ಆದರೆ ನನ್ನ ವಿಷಯದಲ್ಲಿ ಆ ನಿಯಮವನ್ನು ಪಾಲಿಸಿದ್ದರು, ನನಗೆ ಒಳ್ಳೆಯದಾಯಿತು. ನಿಯಮ ಹುಟ್ಟಿದ್ದು ಪಾಲಿಸದೆ ಏನೋ ಆದಾಗ. ಅದು ಏನು, ಯಾರಿಗೆ?

ಅಂದಿನಿಂದ ಒಂದೆಡೆ ನಿಲ್ಲಲಾಗಿಲ್ಲ. ಮೊದಲು ಚಾಂದ್‌ಖೇಡಾಕ್ಕೆ ಹೋದೆ. ಎಣ್ಣೆ ಕಂಪನಿಯ ಕ್ವಾರ್ಟರ್ಸ್, ಒಂದೇ ಥರದ ಮನೆಗಳ ಸಾಲು. ಅವರ ಹೆಂಡತಿ ಬಾಗಿಲಲ್ಲೇ ನನ್ನ ಕೈ ಹಿಡಿದು ಒಳಗೆ ಕರೆದರು. ಮೊಮ್ಮಗ ಹಿಂದಿಯಲ್ಲಿ ಏನೋ ಕೇಳಿದ, ಅವರು ಧಾರವಾಡದ ಕನ್ನಡದಲ್ಲಿ ಉತ್ತರ ಕೊಟ್ಟರು, ಇಬ್ಬರಿಗೂ ಅಡ್ಡಿಯಿರಲಿಲ್ಲ. ನಾನು ನಿಯಮದ ಮಾತೆತ್ತಿದೆ.

“ಅದೆಲ್ಲಾ ನಂಗೇನ್ ತಿಳೀತೈತಿ? ಆದ್ರ ಒಂದ್ ನೆನಪೈತಿ ನೋಡವಾ. ಸೂರತ್ತಿನ್ಯಾಗ ಇದ್ದಾಗ.”

ಕಾರ್ಖಾನೆ ಬಿಟ್ಟ ಮೇಲೆ, ನಾನು ಕೆಲಸಕ್ಕೆ ಸೇರುವ ಮೊದಲು, ಅವರು ಒಂದು ವರ್ಷಕ್ಕೂ ಹೆಚ್ಚು ಕಾಲ ಸೂರತ್ತಿನಲ್ಲಿ, ನೇಯ್ಗೆ ಯಂತ್ರ ಮಾರುವವರೊಬ್ಬರಿಗೆ ಸೂಚನೆ ಪತ್ರ ಬರೆಯುತ್ತಿದ್ದರು. ಒಬ್ಬರೇ ಕೋಣೆ ಮಾಡಿಕೊಂಡಿದ್ದು ಭಾನುವಾರ ವಡೋದರಾಕ್ಕೆ ಬರುತ್ತಿದ್ದರು.

“ಒಂದ್ ಭಾನುವಾರ ಬಂದವ್ರು ತಾಟಿನ ಮುಂದ ಕುಂದರಲೇ ಇಲ್ಲ. ಅಡ್ಡಾಡಿದ್ದಽ ಅಡ್ಡಾಡಿದ್ದು. ಏನಾತ್ರೀ ಅಂದ್ರ, ‘ಒಬ್ಬರಿಗೆ ಉಪಕಾರ ಮಾಡೇನಿ. ಭಾಳ ಕೆಟ್ಟ ಉಪಕಾರ’ ಅಂದ್ರು. ಮುಂದ ಕೇಳಿದ್ರ ಹೇಳ್ಲಿಲ್ಲ. ನಿನ್ನ ಕೇಳಿ ಬರದಂಗ ಅವರನ್ನ ಕೇಳಿ ಹೇಳ್ತೇನಿ ಅಂದ್ರು. ಅವರು ಸಿಗಲೇ ಇಲ್ಲಂತ ಕಾಣ್ತೈತಿ.” ಸೆರಗಿನಿಂದ ಮೂಗೊರೆಸಿಕೊಂಡು ಕೇಳಿದರು: “ಖರೇನಽ ಅಷ್ಟ ತಪ್ಪ ಮಾಡಿದ್ರೇನವಾ ಅವ್ರು? ಕಡೀ ತನಕಾ ನಡುನಡುವ ಅದನ್ನಽ ತಗೀತಿದ್ರು.”

ವಡೋದರಾಕ್ಕೆ ವಾಪಸು ಬಂದವಳೇ ಕಂಪ್ಯೂಟರಿನ ಮುಂದೆ ಕೂತೆ.

ಮೂಲ ಪ್ರತಿಗೆ ಸೇರಿದ ಬದಲಾವಣೆಗಳ ಪಟ್ಟಿ ಎಲ್ಲರಿಗೂ ಕಾಣುವಂಥದು. ಅದರಲ್ಲಿ ಅವರು ಸೂರತ್ತಿನಲ್ಲಿದ್ದ ಅವಧಿಯನ್ನು ನೋಡಿದೆ. ಆಗಷ್ಟೇ ಮೇಲ್ವಿಚಾರಕರಾಗಿದ್ದ ಅವರ ಕೈಯಿಂದ ಸೇರಿದವುಗಳಲ್ಲಿ ಒಂದೇ ಒಂದು ಬದಲಾವಣೆ ಬೇರೊಬ್ಬರ ಹೆಸರಿನಲ್ಲಿದೆ, ಕನ್ನಡದ ಹೆಸರು. ಒಂದಕ್ಕೊಂದು ಜೋಡಿಸಿದ ಹಾಳೆಗಳ ಉದ್ದ ಕಾಗದದಲ್ಲಿ ಕೊನೆಯ ಸಾಲು ಅಚ್ಚಾಗದೆ ಹೋಗುತ್ತಿದ್ದ ದೋಷವನ್ನು ಸರಿಪಡಿಸಿದ್ದು. ಆ ಹೆಸರು ಮುಂದೆ ಎಲ್ಲೂ ಇಲ್ಲ. ಅಲ್ಲಿದ್ದ ಮಿಂಚಂಚೆ ವಿಳಾಸಕ್ಕೆ ಬರೆದೆ. ಅಂಥ ವಿಳಾಸವಿಲ್ಲವೆಂದು ಹಿಂದಿರುಗಿತು. ಬರಹವನ್ನು ಓದಿದೆ. ಉಪಾಯ ಹೊಸದು, ನಮ್ಮ ಮೇಲಿನ ಮನೆಯವರಿಗೆ ಹೊಳೆಯುವಂಥದಲ್ಲ. ಆದರೆ ಸಾಲುಗಳ ನಡೆಯೆಲ್ಲ ಅವರದೇ. ನಾನು ಎಲ್ಲಿ ಕಂಡರೂ ಗುರುತಿಸಬಲ್ಲೆ.

ಹೋದ ಭಾನುವಾರ ಸೂರತ್ತಿಗೆ ಹೋದೆ. ಅವರು ಊಟ ಮಾಡುತ್ತಿದ್ದದ್ದು ಉಡುಪಿ ಕಡೆಯವರ ಒಂದು ಹೋಟೆಲಿನಲ್ಲಿ ಎಂದು ಗೊತ್ತಿತ್ತು. ಗಲ್ಲಾದಲ್ಲಿದ್ದ ಮಾಲೀಕರಿಗೆ ಅವರ ಚಹರೆ ಹೇಳಿದೆ.

“ಅಯ್ಯೋ, ಆ ಓಡಾಡುವ ಜನವಾ? ನಮ್ಮ ಬೋರ್ಡಿಗೂ ಕೈ ಹಾಕಿದವರು ಮಾರಾಯ್ರೆ. ‘ಹೆಚ್ಚು ಹೊತ್ತು ಕೂರಬಾರದು’ ಅಂತ ಹಾಕಿದ್ದೆ, ಯಾಕೆ ಅಂತ ಬರೀರಿ ಅಂದ್ರು. ನೀವು ಕೂರುದೇ ಇಲ್ಲ, ನಿಮಗೆಂತಕ್ಕೆ ಅಂದೆ ನಾನು.”

ತೀರಿಕೊಂಡರು ಎಂದಾಗ ಅವರ ನಗು ನಿಂತಿತು. ನನಗೆ ಕಾಫಿ ತರಿಸಿ, ತಾವೇ ಹೇಳಿದರು.

“ಒಂದು ಹುಡುಗಿ ಬರ್ತಿತ್ತು, ತಂದೆಯೊಟ್ಟಿಗೆ. ಬ್ಯಾಂಕಿನವರು. ಊಟ ಆದ ಮೇಲೆ ಇವರೂ ಅದೂ ಕಾಗದ ಹರಡಿಕೊಂಡು ಕಂಪ್ಯೂಟರಿಂದು ಎಂತದೋ ಮಾತಾಡುದು. ಹುಡುಗಿಗೆ ಕನ್ನಡ ಅಷ್ಟಕ್ಕಷ್ಟೆ, ಹಿಂದಿ ಬೆರೆಸಿ ಮಾತಾಡ್ತಿತ್ತು. ಒಂದು ದಿನ ಇವರು ಭಾರಿ ಖುಷಿಯಲ್ಲಿ ಬಂದ್ರು. ನಿನ್ನದು ಸೇರಿತು, ನಿನ್ನ ಹೆಸರಲ್ಲೇ ಉಂಟು ಅಂತ ಕಾಗದ ಕೊಟ್ರು. ಹುಡುಗಿ ಓದಿತು. ಮತ್ತೊಮ್ಮೆ ಓದಿತು. ‘ಅಂಕಲ್, ಯೇ ಮೈನೇ ನಹೀಂ ಲಿಖಾ. ಇದು ನಾನು ಬರ್ದದ್ದಲ್ಲ’ ಅಂತ ಹೇಳಿ ಕಾಗದ ಅಲ್ಲೇ ಇಟ್ಟಿತು.”

“ಆಮೇಲೆ?”

“ಆಮೇಲೆ ಎಂತ? ಮತ್ತೆ ಬರ್ಲಿಲ್ಲ. ಇವರು ಮಾತ್ರ ಬಾಗಿಲ ಹತ್ರ ನಿಂತು ನಿಂತು ನೋಡ್ತಿದ್ರು.” ಅವರು ಚಿಲ್ಲರೆ ಎಣಿಸುತ್ತಿದ್ದ ಕೈ ನಿಲ್ಲಿಸಿದರು. “ಆದ್ರೆ ಒಂದು. ಆ ಬ್ಯಾಂಕಿನವರಿಗೆ ಆಗಲೇ ವರ್ಗ ಆಗಿತ್ತು ಅಂತಲೂ ನೆನಪು. ಅದೇ ವಾರವೋ, ಮತ್ತೆಯೋ, ಸರಿಯಾಗಿ ಹೇಳ್ಲಿಕ್ಕೆ ಬರುದಿಲ್ಲ. ಬ್ಯಾಂಕಿನವರು ಗೊತ್ತಲ್ಲ, ಇಂದು ಇಲ್ಲಿ, ನಾಳೆ ಎಲ್ಲಿಯೋ.”

ರೈಲಿನಲ್ಲಿ ವಾಪಸು ಬರುವಾಗ ಖಾಲಿ ಜಾಗವಿದ್ದರೂ ನಾನು ಬಾಗಿಲ ಹತ್ತಿರ ನಿಂತೇ ಬಂದೆ. ಎರಡು ಸಾಲು ಮನಸ್ಸಿನಲ್ಲಿ ತಯಾರಾಗಿದ್ದವು: ಹೊಸಬಳೊಬ್ಬಳ ತಿದ್ದುಪಡಿಯನ್ನು ಮೇಲ್ವಿಚಾರಕರು ಒಳ್ಳೆಯ ಮನಸ್ಸಿನಿಂದ ತಾವೇ ಪೂರ್ತಿ ಬರೆದು ಅವಳ ಹೆಸರಿನಲ್ಲಿ ಸೇರಿಸಿದರು, ಅವಳು ಅದನ್ನು ತನ್ನದೆಂದು ಒಪ್ಪಲಿಲ್ಲ, ಮತ್ತೆಂದೂ ಬರೆಯಲಿಲ್ಲ. ಇಷ್ಟು ಕಳಿಸಿದರೆ ಬಳಗದಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ನಿಯಮ ಉಳಿಯುತ್ತದೆ.

ಕಳಿಸಿಲ್ಲ. ಅವಳು ಬಿಟ್ಟದ್ದು ಅದಕ್ಕೇ ಎಂದು ಅವಳನ್ನು ಬಿಟ್ಟು ಬೇರೆ ಯಾರು ಹೇಳಬಲ್ಲರು? ಅವರಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಆ ಎರಡು ಸಾಲನ್ನು ಖಾಲಿ ಬಿಟ್ಟರು. ನಿಯಮವನ್ನು ಮಾತ್ರ ತಡೆಯಲಾರದೆ ಬರೆದರು. ತಾವೇ ಮಾಡಿದ ಕಟ್ಟಳೆಯನ್ನು ಅವರು ಮುರಿದದ್ದು ಆ ಒಂದು ಕಡೆ.

ಆದ್ದರಿಂದ ಇದನ್ನು ಓದುತ್ತಿರುವವರಲ್ಲಿ ಕೇಳುತ್ತೇನೆ. ೧೯೯೭, ೯೮ರ ಸುಮಾರಿಗೆ ಸೂರತ್ತಿನಲ್ಲಿದ್ದು ವರ್ಗವಾಗಿ ಹೋದ ಬ್ಯಾಂಕಿನ ಕನ್ನಡ ಕುಟುಂಬ, ಕಂಪ್ಯೂಟರ್ ಕಲಿಯುತ್ತಿದ್ದ ಮಗಳು: ನಿಮಗೆ ಪರಿಚಯವಿದ್ದರೆ ಈ ಪುಟವನ್ನು ಅವಳಿಗೆ ತಲುಪಿಸಿ. ಅವಳಿಗೆ ಕನ್ನಡ ಓದಲು ಕಷ್ಟವಾದರೆ ಯಾರಾದರೂ ಓದಿ ಹೇಳಿ. ಹೆಸರು ನನಗೆ ಗೊತ್ತಿದೆ. ಕೇಳದೆ ಅಚ್ಚು ಹಾಕುವುದಿಲ್ಲ. ಉತ್ತರ ಯಾವ ಭಾಷೆಯಲ್ಲಿದ್ದರೂ ಸರಿ, ಸಂಪಾದಕರ ಮೂಲಕ ಬರಲಿ.

ನೀವೇ ಓದುತ್ತಿದ್ದರೆ, ನಿಮಗೆ ಒಂದು ಮಾತು. ಬಿಟ್ಟದ್ದು ಆ ಕಾಗದದಿಂದಲೇ ಆಗಿದ್ದರೆ, ಅದನ್ನು ಬರೆಯಲು ಒಪ್ಪಿಗೆ ಕೊಡಿ. ಹಾಗಲ್ಲ, ಅಪ್ಪನಿಗೆ ವರ್ಗವಾಯಿತು, ಪರೀಕ್ಷೆ ಬಂತು, ಹೊಸ ಊರಿನಲ್ಲಿ ಫೋನು ಇರಲಿಲ್ಲ, ಸುಮ್ಮನೆ ಬೇಸರವಾಯಿತು ಎಂದಿದ್ದರೆ ಸಂಕೋಚವಿಲ್ಲದೆ ಅದನ್ನೇ ಬರೆಯಿರಿ. ಆಗ ಆ ನಿಯಮವನ್ನು ನಾನೇ ನನ್ನ ಕೈಯಿಂದ ಅಳಿಸುತ್ತೇನೆ. ಅಳಿಸಿದ ಮೇಲೆ ಮೊದಲ ರೈಲು ಹಿಡಿದು ಚಾಂದ್‌ಖೇಡಾಕ್ಕೆ ಹೋಗಿ, ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ ಎಂದು ಅವರ ಹೆಂಡತಿಗೆ ಹೇಳಿ ಬರುತ್ತೇನೆ.